ತಲೆಹೊಟ್ಟಿಗೆ ಬೇವಿನ ಚಿತ್ರ ಸಾಕೇ?

ಈ ಲೇಖನ ನನ್ನ ಮೇಲಿನ ದೂರಿನಿಂದಲೇ ಶುರುವಾಗಬೇಕು.

ರಾಯಚೂರಿನಿಂದ ತಂಗಿ ಫೋನ್ ಮಾಡಿದ್ದಳು. ಏಳು ವರ್ಷದ ಮಗಳ ತಲೆಯಲ್ಲಿ ವಿಪರೀತ ಹೊಟ್ಟು, ಸದಾ ಕೆರೆದುಕೊಳ್ಳುತ್ತಾಳೆ, ಏನು ಮಾಡಲಿ ಎಂದಳು. ನಾನು ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ ಆಯಿತು. ಬೇಗಂ ಬಜಾರಿನ ಜಡಿಬೂಟಿ ಅಂಗಡಿಗಳು ನನಗೆ ಚೆನ್ನಾಗಿ ಗೊತ್ತು, ಮೇಲಾಗಿ ಮನೆಮದ್ದಿನ ವಿಷಯದಲ್ಲಿ ಮನೆಮಂದಿಯೆಲ್ಲ ನನ್ನನ್ನೇ ಕೇಳುವುದು. ‘ಡಾಕ್ಟರ ಹತ್ತಿರ ಯಾಕೆ ಹೋಗ್ತೀ, ಕೆಮಿಕಲ್ ಹಾಕಿ ಮಗುವಿನ ತಲೆ ಕೆಡಿಸ್ತಾರೆ’ ಎಂದೆ. ಸೀಗೆಪುಡಿ, ಬೇವಿನ ಪುಡಿ, ಮೆಂತ್ಯ, ಭೃಂಗರಾಜದ ಪುಡಿ ಕಟ್ಟಿಸಿದೆ. ಜೊತೆಗೆ ಹಸಿರು ಎಲೆಯ ಚಿತ್ರವಿದ್ದ ಒಂದು ಆಯುರ್ವೇದ ಶಾಂಪೂ ಇಟ್ಟು ಪಾರ್ಸೆಲ್ ಮಾಡಿದೆ. ವಾರಕ್ಕೆ ಎರಡು ಸಲ ನಿಂಬೆರಸ, ಮೊಸರು ಹಚ್ಚು ಎಂದು ಸಲಹೆಯನ್ನೂ ಕೊಟ್ಟೆ.

ನಾಲ್ಕು ತಿಂಗಳು ಅವಳು ಅದನ್ನೇ ಮಾಡಿದಳು. ಆಮೇಲೆ ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರತೊಡಗಿತು, ಒಂದು ಕಡೆ ಕೀವು ತುಂಬಿ ಊದಿಕೊಂಡಿತು. ಚರ್ಮದ ವೈದ್ಯರು ನೋಡಿದ ಕೂಡಲೇ ಇದು ಹೊಟ್ಟು ಅಲ್ಲ, ತಲೆಯ ಹುಳುಕಡ್ಡಿ ಎಂದರು. ಅದು ಕೂದಲ ಬುಡದೊಳಕ್ಕೆ ಇಳಿಯುವ ಶಿಲೀಂಧ್ರ. ಮೇಲೆ ಏನು ಹಚ್ಚಿದರೂ ಪೂರ್ತಿ ಹೋಗುವುದಿಲ್ಲ, ವಾರಗಟ್ಟಲೆ ಮಾತ್ರೆ ನುಂಗಬೇಕು. ಎಂಟು ವಾರ ಹಾಲಿನ ಜೊತೆ ಮಾತ್ರೆ ಕೊಟ್ಟ ಮೇಲೆ ವಾಸಿಯಾಯಿತು. ಆದರೆ ಕೀವು ತುಂಬಿದ್ದ ಜಾಗದಲ್ಲಿ ಎಂಟಾಣೆ ಅಗಲದ ಕಲೆ ಉಳಿದಿದೆ, ಅಲ್ಲಿ ಕೂದಲು ಬರುತ್ತಿಲ್ಲ. ಬೇಗ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ವೈದ್ಯರು ತಂಗಿಗೆ ಹೇಳಿದರು. ತಂಗಿ ಆ ಮಾತನ್ನು ನನಗೆ ಹೇಳಲಿಲ್ಲ. ಭಾವನಿಂದ ನನಗೆ ಗೊತ್ತಾಯಿತು.

ತಪ್ಪು ಆಯುರ್ವೇದದ್ದೇ? ಅಲ್ಲ, ನನ್ನದು. ಆದರೆ ಅಷ್ಟು ಧೈರ್ಯವಾಗಿ ತಪ್ಪು ಮಾಡುವ ಆತ್ಮವಿಶ್ವಾಸ ನನಗೆ ಎಲ್ಲಿಂದ ಬಂತು? ಆ ಬಾಟಲಿಯಿಂದ, ಅದರ ಮೇಲಿನ ಎಲೆಯಿಂದ, ‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಸಾಲಿನಿಂದ. ಹಳೆಯ ಮದ್ದನ್ನು ಇಂದಿನ ತಲೆಗೆ ಹೊಂದಿಸುತ್ತಿದ್ದೇವೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ವ್ಯಾಪಾರವು ಆಯುರ್ವೇದಕ್ಕೂ ನ್ಯಾಯ ಮಾಡುತ್ತಿಲ್ಲ, ತಲೆಗೂ ನ್ಯಾಯ ಮಾಡುತ್ತಿಲ್ಲ. ನನ್ನ ವಾದ ಇಷ್ಟೇ.

ಹೊಟ್ಟು ಎಂದರೆ ಏನು

ಮೊದಲು ರೋಗ ಯಾವುದೆಂದು ತಿಳಿಯೋಣ. 1874ರಲ್ಲಿ ಫ್ರಾನ್ಸಿನ ಲೂಯಿ ಷಾರ್ಲ್ ಮಲಾಸೆ ಎಂಬ ವಿಜ್ಞಾನಿ ತಲೆಹೊಟ್ಟಿನ ಪದರದಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡು ವಿವರಿಸಿದ. ಆ ಯೀಸ್ಟ್ ಜಾತಿಗೆ ಇಂದು ಅವನ ಹೆಸರೇ ಇದೆ: ಮಲಾಸೇಸಿಯ. ಇದು ನನ್ನ ತಲೆಯಲ್ಲಿದೆ, ನಿಮ್ಮ ತಲೆಯಲ್ಲೂ ಇದೆ. ಅದು ಇರುವುದೇ ರೋಗವಲ್ಲ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನೆತ್ತಿಯ ಚರ್ಮದಿಂದ ಒಸರುವ ಎಣ್ಣೆಯನ್ನು ಒಡೆದು, ಬೇಕಾದ್ದನ್ನು ತಿಂದು, ಓಲಿಯಿಕ್ ಆಮ್ಲದಂಥ ಉಳಿಕೆಯನ್ನು ಬಿಡುತ್ತದೆ. ಕೆಲವರ ಚರ್ಮ ಅದನ್ನು ತಡೆದುಕೊಳ್ಳುತ್ತದೆ, ಕೆಲವರದ್ದು ಕೆರಳುತ್ತದೆ. ಕೆರಳಿದ ಚರ್ಮ ತನ್ನ ಕೋಶಗಳನ್ನು ಅವಸರದಲ್ಲಿ ಉದುರಿಸುತ್ತದೆ. ಹೆಗಲ ಮೇಲೆ ಬೀಳುವ ಬಿಳಿ ಪುಡಿ ಅದೇ.

ಇದರಿಂದ ಮೂರು ಮಾತು ತಾನಾಗಿ ಹೊರಡುತ್ತವೆ. ಒಂದು, ಹೊಟ್ಟು ಕೊಳಕಿನಿಂದ ಬರುವುದಲ್ಲ. ಆದ್ದರಿಂದ ನಾಚಿಕೆ ಪಡಬೇಕಾಗಿಲ್ಲ. ಎರಡು, ಇದು ಪೂರ್ತಿ ವಾಸಿಯಾಗುವ ರೋಗವಲ್ಲ, ಹತೋಟಿಯಲ್ಲಿಡುವ ಸ್ಥಿತಿ. ‘ಬುಡಸಮೇತ ನಿರ್ಮೂಲನೆ’ ಎಂದವರು ಆ ಕ್ಷಣದಲ್ಲೇ ಸುಳ್ಳು ಹೇಳಿದ್ದಾರೆ. ಮೂರು, ನೆತ್ತಿಯ ಎಣ್ಣೆ ಗ್ರಂಥಿಗಳು ಚುರುಕಾಗುವುದು ಹರೆಯದಲ್ಲಿ. ಅದಕ್ಕೇ ಶಾಲೆಗೆ ಹೋಗುವ ಸಣ್ಣ ಮಕ್ಕಳಲ್ಲಿ ನಿಜವಾದ ತಲೆಹೊಟ್ಟು ಅಪರೂಪ. ಏಳು ವರ್ಷದ ಮಗುವಿನ ತಲೆಯಲ್ಲಿ ಹೊಟ್ಟು ಕಂಡರೆ ಮೊದಲು ಹುಳುಕಡ್ಡಿಯ ಅನುಮಾನ ಬರಬೇಕು. ಈ ಮೂರನೆಯ ಮಾತು ನನಗೆ ಗೊತ್ತಿದ್ದಿದ್ದರೆ ಸೊಸೆಯ ತಲೆಯಲ್ಲಿ ಆ ಕಲೆ ಇರುತ್ತಿರಲಿಲ್ಲ. ನಾನು ಕಳಿಸಿದ ಬಾಟಲಿಯ ಮೇಲೆ ಇದು ಇರಲಿಲ್ಲ. ‘ಇಡೀ ಕುಟುಂಬಕ್ಕೆ’ ಎಂದಿತ್ತು.

ಗ್ರಂಥದಲ್ಲಿ ಏನಿದೆ

ಈಗ ಪರಂಪರೆಯ ಕಡೆ ಬರೋಣ. ಹೈದರಾಬಾದಿನ ಗಡ್ಡಿಅನ್ನಾರಂನಲ್ಲಿ ರಾಷ್ಟ್ರೀಯ ಭಾರತೀಯ ವೈದ್ಯಕೀಯ ಪರಂಪರೆ ಸಂಸ್ಥೆ ಇದೆ. ಆಯುಷ್ ಮಂತ್ರಾಲಯದ ಸಂಶೋಧನಾ ಪರಿಷತ್ತಿಗೆ ಸೇರಿದ ಈ ಸಂಸ್ಥೆಗೆ ಈಗಿನ ಹೆಸರು ಬಂದದ್ದು 2009ರಲ್ಲಿ. ಚರಕ, ಸುಶ್ರುತ ಸಂಹಿತೆಗಳನ್ನೂ ನಿಘಂಟುಗಳನ್ನೂ ಯಾರು ಬೇಕಾದರೂ ಹುಡುಕಿ ಓದುವಂತೆ ಅಂತರಜಾಲದಲ್ಲಿ ಇಟ್ಟವರು ಇವರೇ. ಆಯುರ್ವೇದದ ಹೆಸರಿನಲ್ಲಿ ಯಾರಾದರೂ ಏನಾದರೂ ಹೇಳಿದರೆ, ಹೌದೋ ಅಲ್ಲವೋ ಎಂದು ಮನೆಯಲ್ಲೇ ಕುಳಿತು ನೋಡಬಹುದು. ಕಲೆ ಉಳಿದ ಮೇಲೆ, ಬಹಳ ತಡವಾಗಿ, ನಾನೂ ನೋಡಿದೆ.

ಸುಶ್ರುತ ಸಂಹಿತೆಯಲ್ಲಿ ಇದರ ಹೆಸರು ದಾರುಣಕ. ಕ್ಷುದ್ರರೋಗಗಳ ಅಧ್ಯಾಯದಲ್ಲಿ ಬರುತ್ತದೆ. ಕಫ ಮತ್ತು ವಾತ ಕೆರಳಿ, ಕೂದಲು ಬೆಳೆಯುವ ನೆಲ ಗಡುಸಾಗಿ, ತುರಿಸಿ, ಒಣಗಿ, ಬಿರಿಯುತ್ತದೆ ಎಂಬುದು ವಿವರಣೆಯ ಸಾರ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ಇಷ್ಟು ನಿಖರವಾಗಿ ಕಂಡವರಿಗೆ ಕೈ ಮುಗಿಯಲೇಬೇಕು.

ಇನ್ನು ಚಿಕಿತ್ಸೆ. ಬೇವು, ತುಳಸಿ, ನಿಂಬೆ ಇರಬಹುದೆಂದುಕೊಂಡು ಪುಟ ತೆರೆದೆ. ಅಲ್ಲಿದ್ದದ್ದು ಬೇರೆ. ಮೊದಲು ಎಣ್ಣೆ ತಿಕ್ಕಿ ಬೆವರಿಸಿ ರಕ್ತನಾಳ ಚುಚ್ಚಿ ರಕ್ತ ತೆಗೆಯುವುದು. ಆಮೇಲೆ ಮೂಗಿಗೆ ರಸ ಹಿಂಡುವ ನಸ್ಯ, ತಲೆಯ ಮೇಲೆ ಎಣ್ಣೆ ನಿಲ್ಲಿಸುವ ಶಿರೋಬಸ್ತಿ, ಅಭ್ಯಂಗ. ತೊಳೆಯುವುದಕ್ಕೆ ಹಾರಕದ ಹುಲ್ಲನ್ನು ಸುಟ್ಟ ಬೂದಿಯ ಕ್ಷಾರಜಲ. ಸಿರಿಧಾನ್ಯದ ಅಂಗಡಿಯಲ್ಲಿ ಇಂದು ದುಬಾರಿಯಾಗಿ ಸಿಗುತ್ತದಲ್ಲ, ಅದೇ ಹಾರಕ.

ನಂತರದ ಕಾಲದ ಗ್ರಂಥಗಳಲ್ಲಿ ದಾರುಣಕಕ್ಕೆ ಹೇಳುವ ಎಣ್ಣೆಗಳಲ್ಲಿ ಹೆಸರಾದದ್ದು ಗುಂಜಾ ತೈಲ. ಗುಂಜಾ ಎಂದರೆ ನಮ್ಮ ಗುಲಗಂಜಿ. ಕೇರಳದ ವೈದ್ಯರು ಬಳಸುವ ಇನ್ನೊಂದು ಎಣ್ಣೆಯಲ್ಲಿ ಉಮ್ಮತ್ತಿಯ ಎಲೆಯ ರಸವಿದೆ. ಎರಡೂ ವಿಷ. ಔಷಧ ನಿಯಮಗಳ ಷೆಡ್ಯೂಲ್ ಇ1ರಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಿದೆ. ಗುಂಜಾ ಅಲ್ಲಿದೆ, ಧತ್ತೂರವೂ ಇದೆ. ವೈದ್ಯ ಅದನ್ನು ಶೋಧನೆ ಮಾಡಿ, ಅಳತೆ ನೋಡಿ, ರೋಗಿಯನ್ನು ಕಣ್ಣೆದುರು ಇಟ್ಟುಕೊಂಡು ಬಳಸುತ್ತಿದ್ದ.

ಅಂದರೆ ಗ್ರಂಥದ ಆಯುರ್ವೇದ ‘ಮೃದು, ಸಹಜ, ಅಡ್ಡಪರಿಣಾಮವಿಲ್ಲದ’ ವಸ್ತು ಅಲ್ಲವೇ ಅಲ್ಲ. ಅದು ಚೂರಿ, ಕ್ಷಾರ, ವಿಷಗಳನ್ನು ಅಳೆದು ಬಳಸಿದ ಖಡಕ್ ವೈದ್ಯ. ಅಡ್ಡಪರಿಣಾಮವಿಲ್ಲ ಎಂದು ಸುಶ್ರುತ ಎಲ್ಲೂ ಜಾಹೀರಾತು ಕೊಟ್ಟಿಲ್ಲ. ಅದು ನಮ್ಮ ಕಾಲದವರು ಅವನ ಬಾಯಿಗೆ ತುರುಕಿದ ಮಾತು.

ಎಲ್ಲಕ್ಕಿಂತ ಮುಖ್ಯವಾಗಿ, ಪರಂಪರೆಗೆ ಲೆಕ್ಕವಿತ್ತು. ಶಾರ್ಙ್ಗಧರ ಸಂಹಿತೆಯಲ್ಲಿ ಔಷಧಿ ಎಣ್ಣೆ ಕಾಯಿಸುವುದಕ್ಕೆ ಸಾಮಾನ್ಯ ನಿಯಮವಿದೆ: ಅರೆದ ಮೂಲಿಕೆ 1 ಪಾಲು, ಎಣ್ಣೆ 4 ಪಾಲು, ಕಷಾಯ ಅಥವಾ ರಸ 16 ಪಾಲು. ನೀರು ಆರುವವರೆಗೆ ಕಾಯಿಸಬೇಕು. ಪಾಕ ಯಾವಾಗ ಆಯಿತು ಎಂಬುದಕ್ಕೆ ಕಲ್ಕವನ್ನು ಬೆರಳಲ್ಲಿ ಹೊಸೆದು ಬತ್ತಿ ಮಾಡಿ ನೋಡುವ ಪರೀಕ್ಷೆಯೂ ಇದೆ. ನಮ್ಮ ಅಜ್ಜಿಯರು ದೊಡ್ಡ ಬಾಣಲೆಯಲ್ಲಿ ಗರುಗದ ಸೊಪ್ಪಿನ ರಸ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುವಾಗ ‘ಚಿಟಚಿಟ ನಿಲ್ಲಬೇಕು’ ಎನ್ನುತ್ತಿದ್ದದ್ದು ಇದೇ ಲೆಕ್ಕದ ಮನೆಭಾಷೆ.

ಬಾಟಲಿಯಲ್ಲಿ ಏನಿದೆ

ಈಗ ಬಾಟಲಿಯನ್ನು ತಿರುಗಿಸಿ ಹಿಂಬದಿಯ ಅಕ್ಷರ ಓದಿ. ಕನ್ನಡಕ ಸಾಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಹಲವು ಬಾಟಲಿಗಳ ಮೇಲೆ ಹೀಗಿರುತ್ತದೆ: ಇಂಥ ಮೂಲಿಕೆಯ ಸಾರ ಇಷ್ಟು ಮಿಲಿಗ್ರಾಂ, ಅಂಥದ್ದು ಇಷ್ಟು. ಕೊನೆಯ ಸಾಲಿನಲ್ಲಿ, ‘ಶಾಂಪೂ ಬೇಸ್, ಕ್ಯೂ.ಎಸ್.’ ಕ್ಯೂ.ಎಸ್. ಎಂದರೆ ಲ್ಯಾಟಿನ್ನಿನಲ್ಲಿ ಬೇಕಾದಷ್ಟು. ಮೂಲಿಕೆಗಳನ್ನೆಲ್ಲ ಕೂಡಿಸಿದರೆ ನೂರು ಮಿಲಿಗೆ ಒಂದೆರಡು ಗ್ರಾಂ. ಉಳಿದದ್ದೆಲ್ಲ ಆ ‘ಬೇಕಾದಷ್ಟು’. ನೊರೆ, ಪರಿಮಳ, ನುಣುಪು ಎಲ್ಲ ಬರುವುದು ಅಲ್ಲಿಂದಲೇ, ಯಾವ ಶಾಂಪೂವಿನಲ್ಲೂ ಇರುವ ಅದೇ ಮಾರ್ಜಕದಿಂದ. ಕೆಮಿಕಲ್ ಬೇಡ ಎಂದು ಹೆಚ್ಚು ದುಡ್ಡು ಕೊಟ್ಟ ಗಿರಾಕಿಗೆ, ಕೆಮಿಕಲ್ಲನ್ನು ಹೆಸರಿಲ್ಲದೆ ಮಾರಲಾಗಿದೆ.

ಅಲ್ಲಿ ಬೇಸ್ ಇದೆ ಎಂಬುದಕ್ಕೆ ನನ್ನ ತಕರಾರಿಲ್ಲ. ಶಾಂಪೂ ಎಂದರೆ ಬೇಸ್ ಇರಲೇಬೇಕು. ತಕರಾರು ಇರುವುದು ಅದನ್ನು ಮುಚ್ಚಿಟ್ಟು ಎಲೆಯನ್ನು ತೋರಿಸುವುದಕ್ಕೆ. ಇನ್ನೂ ದೊಡ್ಡ ತಕರಾರು ಸಮಯದ್ದು. ಕಾಯಿಸಿದ ಎಣ್ಣೆ ತಲೆಯಲ್ಲಿ ಗಂಟೆಗಟ್ಟಲೆ ಇರುತ್ತಿತ್ತು. ಅದೇ ಮೂಲಿಕೆಯ ನೂರನೆಯ ಪಾಲನ್ನು ನೊರೆಯಲ್ಲಿ ಬೆರೆಸಿ ಒಂದು ನಿಮಿಷದಲ್ಲಿ ಚರಂಡಿಗೆ ಬಿಟ್ಟರೆ ಅದೇ ಕೆಲಸ ಆಗುತ್ತದೆಯೇ? ಕೀಟೋಕೊನಜೋಲ್‌ನಂಥ ಪರೀಕ್ಷಿತ ಔಷಧಿಯ ಶಾಂಪೂವನ್ನೇ ಮೂರರಿಂದ ಐದು ನಿಮಿಷ ತಲೆಯಲ್ಲಿ ಬಿಡಬೇಕು ಎಂದು ಬರೆದಿರುತ್ತಾರೆ. ದ್ರವ್ಯ ಬದಲಾಯಿತು, ಪ್ರಮಾಣ ಬದಲಾಯಿತು, ಮಾಧ್ಯಮ ಬದಲಾಯಿತು, ಸಮಯ ಬದಲಾಯಿತು. ಉಳಿದದ್ದು ಹೆಸರು ಮಾತ್ರ. ಹೆಸರು ಉಳಿಸಿಕೊಂಡು ಉಳಿದದ್ದನ್ನೆಲ್ಲ ಬದಲಿಸುವುದಕ್ಕೆ ರೂಪಾಂತರ ಎನ್ನುವುದಾದರೆ ವೇಷ ಎನ್ನುವುದು ಯಾವುದಕ್ಕೆ?

ಕಾನೂನು ಈ ವೇಷಕ್ಕೆ ಜಾಗ ಕೊಟ್ಟಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಗೆ 1964ರಲ್ಲಿ ಆಯುರ್ವೇದದ ಅಧ್ಯಾಯ ಸೇರಿತು. ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ ಐವತ್ತಕ್ಕೂ ಹೆಚ್ಚು ಗ್ರಂಥಗಳ ಪಟ್ಟಿಯಿದೆ. ಗ್ರಂಥದಲ್ಲಿದ್ದ ಹಾಗೇ ತಯಾರಿಸಿ ಅದೇ ರೋಗಕ್ಕೆ ಮಾರಿದರೆ ಹೊಸ ಪರೀಕ್ಷೆ ಬೇಕಿಲ್ಲ. ಪಟ್ಟಿಯ ಮೂಲಿಕೆಗಳನ್ನೇ ತನಗೆ ತೋಚಿದಂತೆ ಬೆರೆಸಿ ಸ್ವಂತ ಹೆಸರಿಟ್ಟರೆ ಅದು ‘ಪ್ರೊಪ್ರೈಟರಿ’ ಔಷಧಿ. 2010ರ ನಿಯಮ 158ಬಿ ಇವಕ್ಕೆ ಕೆಲವು ಪುರಾವೆ ಕೇಳುತ್ತದೆ, ‘ಸೌಂದರ್ಯ ಪ್ರಸಾದಕ’ ಎಂಬ ವಿಭಾಗವನ್ನೂ ಮಾಡಿದೆ. ಆದರೆ ಹೊಸ ಅಲೋಪಥಿ ಔಷಧಿಯಿಂದ ಕೇಳುವ ಪುರಾವೆಗೆ ಹೋಲಿಸಿದರೆ ಇದು ಬಹಳ ಹಗುರ.

ಮದ್ದೋ ಸೋಪೋ ಎಂಬ ಪ್ರಶ್ನೆಗೆ ಈ ಉದ್ಯಮ ಬೇಕಾದಾಗ ಬೇಕಾದ ಉತ್ತರ ಕೊಟ್ಟಿದೆ. ತೆರಿಗೆ ಕಟ್ಟುವಾಗ ಇದು ಮದ್ದು. ತಲೆಗೆ ಹಚ್ಚುವ ಎಣ್ಣೆ ಸೌಂದರ್ಯವರ್ಧಕವಲ್ಲ, ಆಯುರ್ವೇದ ಔಷಧಿ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2003ರ ಬನ್‌ಫೂಲ್ ಎಣ್ಣೆಯ ಪ್ರಕರಣದಲ್ಲಿ ಗೆದ್ದಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಶಾಂಪೂಗೆ 28 ಶೇಕಡ, ಆಯುರ್ವೇದ ಔಷಧಿಗೆ 12 ಶೇಕಡ. ಎಲೆಯ ಚಿತ್ರಕ್ಕೆ ಬೆಲೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 5 ಶೇಕಡ ಆಗಿದೆ. ತೆರಿಗೆಯ ನೆಪ ಮುಗಿಯಿತು. ಇನ್ನಾದರೂ ಮದ್ದಾಗಿದ್ದರೆ ಮದ್ದಿನ ಪುರಾವೆ ಕೊಡಲಿ, ಸೋಪಾಗಿದ್ದರೆ ಸೋಪು ಎನ್ನಲಿ.

ಜಾಹೀರಾತಿನ ಕಥೆಯೂ ಹೀಗೇ. ಆಯುಷ್ ಔಷಧಿಗಳ ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ 170 ಬಂದದ್ದು 2018ರಲ್ಲಿ. 2024ರ ಜುಲೈನಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು, ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ಕೈಬಿಡುವಿಕೆಗೆ ತಡೆ ಕೊಟ್ಟಿತು, 2025ರ ಆಗಸ್ಟಿನಲ್ಲಿ ಪ್ರಕರಣವನ್ನೇ ಮುಗಿಸಿತು. ಈ ಹಗ್ಗಜಗ್ಗಾಟದ ಉದ್ದಕ್ಕೂ ಟೀವಿಯಲ್ಲಿ ಕಪ್ಪು ಕೋಟಿನ ಹೆಗಲಿಂದ ಬಿಳಿ ಪುಡಿ ಒಂದೇ ತೊಳೆತಕ್ಕೆ ಮಾಯವಾಗುತ್ತಲೇ ಇತ್ತು.

ಮೂರು ಆಕ್ಷೇಪ

‘ಸಾವಿರಾರು ವರ್ಷ ಬಳಸಿದ್ದೇ ಪರೀಕ್ಷೆ ಅಲ್ಲವೇ?’ ಎಂದು ಕೇಳುತ್ತಾರೆ. ಬಳಸಿದ್ದು ಏನನ್ನು? ಕಾಯಿಸಿದ ಎಣ್ಣೆಯನ್ನು, ಸೀಗೆಯ ನೀರನ್ನು, ವೈದ್ಯನ ಕೈಯಲ್ಲಿ ಗುಂಜಾ ತೈಲವನ್ನು. ಪ್ಲಾಸ್ಟಿಕ್ ಬಾಟಲಿಯ ಹಸಿರು ನೊರೆಯನ್ನಲ್ಲ. ಅಜ್ಜಿಯ ಹೆಸರಿನಲ್ಲಿ ಸಿಕ್ಕ ಸರ್ಟಿಫಿಕೇಟನ್ನು ಅಜ್ಜಿ ನೋಡಿಯೇ ಇರದ ವಸ್ತುವಿಗೆ ಅಂಟಿಸಲಾಗದು. ಮೇಲಾಗಿ ದೀರ್ಘ ಬಳಕೆ ಒಂದು ಸುಳಿವು, ತೀರ್ಪಲ್ಲ. ಎಣ್ಣೆಯನ್ನೇ ತೆಗೆದುಕೊಳ್ಳಿ. ಪ್ರಯೋಗಾಲಯದಲ್ಲಿ ಮಲಾಸೇಸಿಯ ಬೆಳೆಸುವವರು ಅದರ ಮೇಲೆ ಆಲಿವ್ ಎಣ್ಣೆ ಸುರಿಯುತ್ತಾರೆ, ಏಕೆಂದರೆ ಅದು ಅದರ ಊಟ. ಹಾಗೆಂದು ಎಲ್ಲ ಎಣ್ಣೆಯೂ ಕೆಟ್ಟದ್ದೇ? ಅದೂ ಅಲ್ಲ. ಭಾರತದ 140 ಹೆಂಗಸರ ನೆತ್ತಿಯನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ, 12 ವಾರ ಕೊಬ್ಬರಿ ಎಣ್ಣೆ ಹಚ್ಚಿದವರ ನೆತ್ತಿಯಲ್ಲಿ ಆರೋಗ್ಯಕರ ಸೂಕ್ಷ್ಮಜೀವಿಗಳು ಹೆಚ್ಚಿದ್ದವು. ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೂ ಅದರಲ್ಲಿ ಪಾಲುಗೊಂಡಿದ್ದರು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು, ಆದರೆ ಓದಬೇಕು. ಯಾವ ಎಣ್ಣೆ, ಯಾರ ತಲೆಗೆ, ಎಷ್ಟು ಹೊತ್ತು ಎಂದು ಕೇಳದೆ ಉತ್ತರ ಇಲ್ಲ. ‘ಪರಂಪರೆ’ ಎಂಬ ಒಂದೇ ಪದ ಆ ಮೂರೂ ಪ್ರಶ್ನೆಗಳ ಬಾಯಿ ಮುಚ್ಚಿಸುತ್ತದೆ.

‘ಆಧುನಿಕ ಶಾಂಪೂಗಳೇನು ಸಾಚಾವೇ?’ ಎನ್ನುವುದು ಎರಡನೆಯದು. ಸರಿಯಾದ ಪ್ರಶ್ನೆ. ದಶಕಗಳಿಂದ ಹೊಟ್ಟಿನ ಶಾಂಪೂಗಳ ರಾಜನಾಗಿದ್ದ ಜಿಂಕ್ ಪೈರಿಥಿಯೋನನ್ನು ಪ್ರಜನನಕ್ಕೆ ಹಾನಿಯಾಗಬಹುದೆಂಬ ವರ್ಗೀಕರಣದ ಮೇಲೆ ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ನಮ್ಮಲ್ಲಿ ಅದು ಮಾರಾಟವಾಗುತ್ತಲೇ ಇದೆ. ಆದರೆ ಅವರು ಅದನ್ನು ಹೇಗೆ ಕೈಬಿಟ್ಟರು ಗಮನಿಸಿ. ಆ ವಸ್ತುವಿಗೆ ಹೆಸರಿತ್ತು, ಪ್ರಮಾಣ ಗೊತ್ತಿತ್ತು, ಪರೀಕ್ಷೆಗೆ ಒಡ್ಡಬಹುದಾಗಿತ್ತು. ಹಾಗಾಗಿ ತಪ್ಪು ಕಂಡಾಗ ಬೆರಳಿಟ್ಟು ತೋರಿಸಬಹುದಾಯಿತು. ‘ಬೇಕಾದಷ್ಟು’ ಎಂದು ಬರೆದದ್ದರಲ್ಲಿ ತಪ್ಪು ಹುಡುಕುವುದು ಎಲ್ಲಿಂದ?

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ‘ಬರೀ ತಲೆಹೊಟ್ಟಿಗೆ ಇಷ್ಟೊಂದು ರಂಪವೇ? ವಾಸಿಯಾಗದಿದ್ದರೂ ನಷ್ಟವೇನು?’ ನಷ್ಟವೇನೆಂದು ತಂಗಿಯ ಮಗಳ ತಲೆ ತೋರಿಸಬಲ್ಲೆ. ಸೋರಿಯಾಸಿಸ್, ಹುಳುಕಡ್ಡಿ, ಎಕ್ಸಿಮಾ ಎಲ್ಲವೂ ನಮ್ಮ ಕಣ್ಣಿಗೆ ಮೊದಲು ಹೊಟ್ಟಾಗಿಯೇ ಕಾಣುವುದು. ಮದ್ದು ಸೋತರೆ ತೊಂದರೆಯಿಲ್ಲ. ಸೋತದ್ದು ಗೊತ್ತಾಗದಂತೆ ತಿಂಗಳುಗಟ್ಟಲೆ ಕಾಯಿಸುವುದು ತೊಂದರೆ. ‘ಆಯುರ್ವೇದ ನಿಧಾನ, ತಾಳ್ಮೆ ಬೇಕು’ ಎನ್ನುವ ಮಾತು ಆ ಕಾಯುವಿಕೆಗೆ ಕೊಟ್ಟ ಪುಣ್ಯದ ಹೆಸರು.

ಇಷ್ಟು ಓದಿ ಖುಷಿಪಟ್ಟ ಗೆಳೆಯರಿಗೂ ಒಂದು ಮಾತು. ‘ಎಲ್ಲ ಬೊಗಳೆ, ಕೀಟೋಕೊನಜೋಲ್ ಹಾಕಿಕೊಂಡು ಸುಮ್ಮನಿರಿ’ ಎನ್ನುವವರೂ ಸೋಮಾರಿಗಳೇ. ಆಸ್ಟ್ರೇಲಿಯಾದಲ್ಲಿ ಟೀ ಟ್ರೀ ಎಂಬ ಗಿಡವಿದೆ, ಅಲ್ಲಿನ ಮೂಲನಿವಾಸಿಗಳ ಮದ್ದು. ಅಲ್ಲಿಯ ಸಂಶೋಧಕರು ಅದರ ಎಣ್ಣೆಯನ್ನು 5 ಶೇಕಡ ಬೆರೆಸಿ ಶಾಂಪೂ ಮಾಡಿ, ಹೊಟ್ಟಿದ್ದ 126 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅದನ್ನೂ ಇನ್ನೊಂದಕ್ಕೆ ಎಣ್ಣೆಯಿಲ್ಲದ ಶಾಂಪೂವನ್ನೂ 4 ವಾರ ಕೊಟ್ಟರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಣ್ಣೆ ಇದ್ದ ಗುಂಪಿನಲ್ಲಿ 41 ಶೇಕಡ ಸುಧಾರಣೆ, ಇಲ್ಲದ ಗುಂಪಿನಲ್ಲಿ 11. ಪವಾಡವಲ್ಲ, ಆದರೆ ಸತ್ಯ. ಎಷ್ಟು ಪ್ರಮಾಣ, ಎಷ್ಟು ದಿನ, ಎಷ್ಟು ಫಲ ಎಂದು ಹೇಳಬಹುದಾದ ಸತ್ಯ. ರೂಪಾಂತರ ಎಂದರೆ ಇದು. ಗಿಡಮೂಲಿಕೆಗೆ ಮರ್ಯಾದೆ ಕೊಡುವ ರೀತಿಯೂ ಇದೇ.

ಹೈದರಾಬಾದಿನಲ್ಲೇ ಆಗಬಹುದು

ನಾಲ್ಕು ವಾರ, ನೂರಿಪ್ಪತ್ತು ಚಿಲ್ಲರೆ ಜನ. ಇದೇನು ಚಂದ್ರಯಾನವೇ? ಇದಕ್ಕೆ ಬೇಕಾದದ್ದೆಲ್ಲ ಒಂದೇ ಊರಿನಲ್ಲಿದೆ. ಗ್ರಂಥ ಓದಿ ಮೂಲ ಯೋಗ ಯಾವುದೆಂದು ಹೇಳುವುದಕ್ಕೆ ಗಡ್ಡಿಅನ್ನಾರಂನ ಸಂಸ್ಥೆ ಇದೆ. ತೈಲಪಾಕ ಬಲ್ಲವರು ಎರ್ರಗಡ್ಡದ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿದ್ದಾರೆ. ಚರ್ಮರೋಗ ತಜ್ಞರು ಉಸ್ಮಾನಿಯಾದಲ್ಲಿದ್ದಾರೆ. ಐಡಿಪಿಎಲ್ ಕಾಲದಿಂದ ಇಲ್ಲಿ ಬೆಳೆದ ಔಷಧ ಉದ್ಯಮದಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಗುಣಮಟ್ಟ ಒಂದೇ ಇರಿಸಬಲ್ಲ ರಸಾಯನ ತಜ್ಞರು ಸಾವಿರ ಸಾವಿರ ಇದ್ದಾರೆ. ಮೂಸಿ ನದಿಯ ಈಚೆ ಆಚೆ ಇರುವ ಇವರನ್ನು ಒಂದು ಮೇಜಿನ ಸುತ್ತ ಕೂರಿಸುವವರು ಇಲ್ಲ, ಅಷ್ಟೇ.

ಅವರು ಕೂತರೆ ಮೊದಲು ಮಾಡಬೇಕಾದದ್ದು ಗಿಡವನ್ನು ಗುರುತಿಸುವುದು. ಭೃಂಗರಾಜ ಎಂಬ ಒಂದೇ ಹೆಸರಿನಲ್ಲಿ ಬಿಳಿ ಹೂವಿನ ಗರುಗವೂ ಹಳದಿ ಹೂವಿನ ಬೇರೊಂದು ಗಿಡವೂ ಚಲಾವಣೆಯಲ್ಲಿವೆ. ಪುಡಿಯಾದ ಮೇಲೆ ಬೇಗಂ ಬಜಾರಿನಲ್ಲಿ ನಾನು ಕೊಂಡದ್ದು ಯಾವುದೆಂದು ಬ್ರಹ್ಮನಿಗೂ ಗೊತ್ತಾಗದು. ಎರಡನೆಯದು, ಕಾಯಿಸಿದ ಎಣ್ಣೆಯನ್ನು ಎಣ್ಣೆಯಾಗಿಯೇ, ಅದರ ಹಳೆಯ ಲೆಕ್ಕದಲ್ಲೇ ಪರೀಕ್ಷಿಸಿ, ಬಳಿಕ ಶಾಂಪೂವಾಗಿ ಬದಲಿಸಿದಾಗ ಗುಣ ಉಳಿಯಿತೇ ನೋಡುವುದು. ಮೂರನೆಯದು, ಗೆದ್ದರೂ ಸೋತರೂ ಫಲಿತಾಂಶ ಪ್ರಕಟಿಸುವುದು. ಕೊನೆಯದು ಲೇಬಲ್. ಬೇಸಿನಲ್ಲಿ ಏನಿದೆ, ಎಷ್ಟು ನಿಮಿಷ ಬಿಡಬೇಕು, ಎಷ್ಟು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು, ಯಾರು ಬಳಸಬಾರದು. ‘ಮಕ್ಕಳ ತಲೆಯಲ್ಲಿ ಹೊಟ್ಟು ಕಂಡರೆ ವೈದ್ಯರಿಗೆ ತೋರಿಸಿ’ ಎಂಬ ಒಂದು ಸಾಲು ಮುದ್ರಿಸಲು ಯಾವ ಸಂಶೋಧನೆಯೂ ಬೇಡ. ನಾಳೆಯಿಂದಲೇ ಹಾಕಬಹುದು.

ಅಲ್ಲಿಯವರೆಗೆ

ನಾನು ಮನೆಮದ್ದು ಬಿಟ್ಟಿಲ್ಲ. ಇಲ್ಲಿ ಕುಂಕುಡುಕಾಯಿ ಎನ್ನುವ ನಮ್ಮ ಅಂಟುವಾಳ ಇಂದಿಗೂ ನನ್ನ ಬಚ್ಚಲಲ್ಲಿದೆ. ಹೈದರಾಬಾದಿನ ಬೋರ್ ನೀರು ಗಡಸು, ಅದರಲ್ಲಿ ಸೋಪು ಹಚ್ಚಿದರೆ ಸುಣ್ಣದಂಥ ಗಷ್ಟು ತಲೆಗೆ ಅಂಟುತ್ತದೆ. ಅಂಟುವಾಳ, ಸೀಗೆಯ ನೊರೆಗೆ ಆ ದೋಷವಿಲ್ಲ. ಆದರೆ ಅದು ತಲೆ ತೊಳೆಯುವುದಕ್ಕೆ, ರೋಗ ಕಳೆಯುವುದಕ್ಕಲ್ಲ ಎಂದು ಈಗ ನನಗೆ ಗೊತ್ತು. ಎಣ್ಣೆಸ್ನಾನ ಸುಖಕ್ಕೆ, ಹಬ್ಬಕ್ಕೆ, ಅಮ್ಮನ ಕೈಯ ನೆನಪಿಗೆ. ಅವೆಲ್ಲ ಸಣ್ಣ ಕಾರಣಗಳಲ್ಲ, ಅದಕ್ಕೆ ಔಷಧಿಯ ವೇಷ ಹಾಕಬೇಕಾಗಿಲ್ಲ. ಎಣ್ಣೆ ಹಚ್ಚಿದ ಮೇಲೆ ತುರಿಕೆ ಹೆಚ್ಚಾದರೆ ಹಚ್ಚುವುದು ನಿಲ್ಲಿಸಿ. ನಿಂಬೆರಸ ಕೆರೆದ ಚರ್ಮವನ್ನು ಉರಿಸುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆಯನ್ನೂ ಎಬ್ಬಿಸಬಹುದು. ನಾಲ್ಕು ವಾರ ನಿಮ್ಮ ಗಡುವಾಗಿರಲಿ, ನಾಲ್ಕು ತಿಂಗಳಲ್ಲ. ಕೂದಲು ಬಿಲ್ಲೆಯಾಗಿ ಉದುರಿದರೆ, ಕೀವು ಬಂದರೆ, ದಪ್ಪ ಹೊಪ್ಪಳೆ ಹಣೆಯ ಅಂಚು ದಾಟಿ ಇಳಿದರೆ, ಅಥವಾ ತಲೆ ಮಗುವಿನದಾಗಿದ್ದರೆ ನಾಲ್ಕು ದಿನವೂ ಬೇಡ.

ಈ ಪತ್ರ ಓದುವವರಲ್ಲಿ ನನ್ನಂಥ ‘ಮನೆಯ ವೈದ್ಯರು’ ಪ್ರತಿ ಕುಟುಂಬಕ್ಕೊಬ್ಬರು ಇರುತ್ತೀರಿ. ಫೋನ್ ಬಂದಾಗ ಮದ್ದು ಹೇಳುವ ಮೊದಲು ಎರಡು ಪ್ರಶ್ನೆ ಕೇಳಿ: ವಯಸ್ಸೆಷ್ಟು, ಎಷ್ಟು ದಿನದಿಂದ? ಸುಶ್ರುತನೂ ರೋಗಿಯನ್ನು ನೋಡದೆ, ಮುಟ್ಟದೆ, ಕೇಳದೆ ಮದ್ದು ಕೊಡಬೇಡ ಎಂದೇ ಕಲಿಸಿದ್ದು. ನಾನು ಆ ಪಾಠ ಬಿಟ್ಟು ಪುಡಿಯ ಪೊಟ್ಟಣ ಮಾತ್ರ ಕಳಿಸಿದ್ದೆ.

ಕಳೆದ ತಿಂಗಳು ರಾಯಚೂರಿಗೆ ಹೋಗಿದ್ದೆ. ಸೊಸೆ ಈಗ ಕೂದಲನ್ನು ಎಡದಿಂದ ಬಲಕ್ಕೆ ಬಾಚಿ ಕ್ಲಿಪ್ ಹಾಕುತ್ತಾಳೆ, ಕಲೆ ಮುಚ್ಚಲೆಂದು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ‘ನಾನೇ ಕಲಿತೆ ಮಾಮ’ ಎಂದಳು.